ಟೈರಿನೊಳಗಿನ ಧಾನ್ಯ

ಎರಡನೇ ಮಹಾಯುದ್ಧದ ರಬ್ಬರ್ ಕಥೆಯನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಹೇಳುತ್ತಾರೆ. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಮಲಯ ಮತ್ತು ಡಚ್ ಈಸ್ಟ್ ಇಂಡೀಸ್‌ನ ತೋಟಗಳು ಕೈಬಿಟ್ಟವು. ಅಮೆರಿಕಕ್ಕೆ ಹಡಗುಗಳಲ್ಲಿ ಬರುತ್ತಿದ್ದ ರಬ್ಬರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನಿಂತುಹೋಯಿತು. ಆಗ ಅಲ್ಲಿನ ತೈಲ ಕಂಪನಿಗಳು, ಟೈರ್ ಕಂಪನಿಗಳು ಮತ್ತು ವಿಶ್ವವಿದ್ಯಾಲಯಗಳು ಸರ್ಕಾರದ ಜೊತೆ ಕೈಜೋಡಿಸಿ, ಪೆಟ್ರೋಲಿಯಮ್ಮಿನಿಂದ ಕೃತಕ ರಬ್ಬರ್ ತೆಗೆದು ಮಿತ್ರರಾಷ್ಟ್ರಗಳನ್ನು ಕಾಪಾಡಿದವು. ಈ ಕಥೆಯ ಅಂಕಿಗಳು ನಿಜವಾಗಿಯೂ ಬೆರಗು ಹುಟ್ಟಿಸುವಂಥವು. 1941ರಲ್ಲಿ ಇಡೀ ವರ್ಷಕ್ಕೆ ಕೇವಲ 231 ಟನ್ ಸಾಮಾನ್ಯ ಬಳಕೆಯ ಕೃತಕ ರಬ್ಬರ್ ತಯಾರಿಸಿದ್ದ ದೇಶ, 1945ರ ವೇಳೆಗೆ ತಿಂಗಳಿಗೆ ಸುಮಾರು 70,000 ಟನ್ ತಯಾರಿಸುತ್ತಿತ್ತು. ಆದರೆ ಈ ಕಥೆ ಪೆಟ್ರೋಲಿಯಮ್ಮಿಗೆ ಕೊಟ್ಟಿರುವ ಸ್ಥಾನ ಸರಿಯಲ್ಲ. ಯುದ್ಧದ ಗತಿ ತೀರ್ಮಾನವಾದ 1943 ಮತ್ತು 1944ರಲ್ಲಿ ಆ ರಬ್ಬರಿನ ಮೂಲವಸ್ತು ಬಹುಪಾಲು ಬಂದದ್ದು ಹೊಲದಿಂದ, ಧಾನ್ಯ ಮತ್ತು ಕಾಕಂಬಿಯಿಂದ ಭಟ್ಟಿ ಇಳಿಸಿದ ಮದ್ಯಸಾರದಿಂದ. ಇದನ್ನು ಹೇಳುವುದು ಹಳೆಯ ಲೆಕ್ಕವನ್ನು ಸರಿಪಡಿಸುವುದಕ್ಕಷ್ಟೇ ಆಗಿದ್ದರೆ ಇಷ್ಟು ದೊಡ್ಡ ಲೇಖನ ಬೇಕಿರಲಿಲ್ಲ. ಒಂದು ರಾಸಾಯನಿಕವನ್ನು ಯಾವುದರಿಂದ ತೆಗೆಯಬೇಕೆಂದು ಯಾರು ತೀರ್ಮಾನಿಸುತ್ತಾರೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಈ ಇತಿಹಾಸದಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆಗಳು ಹೆಚ್ಚಿಲ್ಲ.

ಆ ರಾಸಾಯನಿಕದ ಹೆಸರು ಬ್ಯುಟಡೈಯೀನ್. ನಾಲ್ಕು ಕಾರ್ಬನ್, ಆರು ಹೈಡ್ರೋಜನ್ ಪರಮಾಣುಗಳ ಈ ಅಣುವಿನಲ್ಲಿ ಎರಡು ಜೋಡಿಬಂಧಗಳಿವೆ. ಆ ಬಂಧಗಳಿಂದಾಗಿಯೇ ಅದು ತನ್ನಂಥ ಸಾವಿರಾರು ಅಣುಗಳ ಜೊತೆ ಸರಪಳಿಯಾಗಿ ಕೂಡಿಕೊಳ್ಳಬಲ್ಲದು. ಸಾಮಾನ್ಯ ಉಷ್ಣತೆಯಲ್ಲಿ ಬಣ್ಣವಿಲ್ಲದ ಅನಿಲ. ಶೂನ್ಯಕ್ಕಿಂತ ನಾಲ್ಕೂವರೆ ಡಿಗ್ರಿಯಷ್ಟು ಕೆಳಗೆ ಇಳಿಸಿದರೆ ದ್ರವವಾಗುತ್ತದೆ. ಅಮೆರಿಕದ ಯುದ್ಧಕಾಲದ ರಬ್ಬರ್ ಕಾರ್ಖಾನೆಗಳಲ್ಲಿ ಇದನ್ನು ಒತ್ತಡದಲ್ಲಿ ದ್ರವವಾಗಿರಿಸಿ ದೊಡ್ಡ ಕಡಾಯಿಗಳಿಗೆ ತುಂಬುತ್ತಿದ್ದರು. ತೂಕದಲ್ಲಿ 75 ಭಾಗ ಬ್ಯುಟಡೈಯೀನ್, 25 ಭಾಗ ಸ್ಟೈರೀನ್, 180 ಭಾಗ ನೀರು, 5 ಭಾಗ ಸಾಬೂನು, ಅರ್ಧ ಭಾಗ ಮರ್ಕ್ಯಾಪ್ಟನ್, ಚಿಟಿಕೆಯಷ್ಟು ಪೊಟ್ಯಾಸಿಯಂ ಪರ್‌ಸಲ್ಫೇಟ್ - ಇವನ್ನೆಲ್ಲ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಹನ್ನೆರಡು ತಾಸು ಕಲಕಿದರೆ ಹಾಲಿನಂಥ ಬಿಳಿಯ ದ್ರವ ಸಿದ್ಧವಾಗುತ್ತಿತ್ತು. ಮುಕ್ಕಾಲು ಭಾಗ ಕೂಡಿಕೊಂಡಾಗ ಕ್ರಿಯೆಯನ್ನು ನಿಲ್ಲಿಸಿ, ಉಳಿದ ಅನಿಲವನ್ನು ಹಿಂತೆಗೆದು, ಉಪ್ಪು ಮತ್ತು ಆಮ್ಲ ಹಾಕಿ ಒಡೆಸಿದರೆ ರಬ್ಬರಿನ ಪುಡಿಗಟ್ಟಿ ತೇಲುತ್ತಿತ್ತು. ಸರ್ಕಾರದ ಕಾಗದಪತ್ರಗಳಲ್ಲಿ ಇದರ ಹೆಸರು ಜಿಆರ್-ಎಸ್. ಈ ರಬ್ಬರಿನಲ್ಲಿ ಮುಕ್ಕಾಲು ಪಾಲು ಬ್ಯುಟಡೈಯೀನೇ ಆದ್ದರಿಂದ ಇಡೀ ಯೋಜನೆಯ ಅಳಿವು ಉಳಿವು ಅದರ ಮೇಲೆ ನಿಂತಿತ್ತು. ಕಡಾಯಿಗೆ ಬೀಳುವ ಬ್ಯುಟಡೈಯೀನ್ ಆಲೂಗಡ್ಡೆಯದೋ ಕಲ್ಲಿದ್ದಲಿನದೋ ತೈಲದ್ದೋ ಎಂಬುದು ರಬ್ಬರಿನ ಗುಣದಲ್ಲಿ ಯಾವ ವ್ಯತ್ಯಾಸವನ್ನೂ ಮಾಡುತ್ತಿರಲಿಲ್ಲ.

ವ್ಯತ್ಯಾಸವಾಗುತ್ತಿದ್ದದ್ದು ಕಾರ್ಖಾನೆಯ ಹೊರಗೆ. ಮೊದಲು ಈ ದಾರಿ ಹಿಡಿದದ್ದು ಸೋವಿಯತ್ ರಷ್ಯ. 1926ರಲ್ಲಿ ಅಲ್ಲಿನ ಸರ್ಕಾರ ಕೃತಕ ರಬ್ಬರಿಗಾಗಿ ಒಂದು ಸ್ಪರ್ಧೆಯನ್ನೇ ಸಾರಿತು. ಎರಡು ಕಿಲೋ ಮಾದರಿಯನ್ನೂ ತಯಾರಿಕೆಯ ವಿಧಾನವನ್ನೂ 1928ರ ಜನವರಿ 1ರೊಳಗೆ ಒಪ್ಪಿಸಬೇಕೆಂಬ ಷರತ್ತು. ಲೆನಿನ್‌ಗ್ರಾಡಿನ ಸೆರ್ಗೆಯ್ ಲೆಬೆದೇವ್ ಗೆದ್ದರು. ಮದ್ಯಸಾರದ ಆವಿಯನ್ನು ಕಾಯಿಸಿದ ವೇಗವರ್ಧಕದ ಮೇಲೆ ಹಾಯಿಸಿದರೆ ಒಂದೇ ಹಂತದಲ್ಲಿ ಬ್ಯುಟಡೈಯೀನ್ ಸಿಗುತ್ತದೆಂದು ಅವರು ತೋರಿಸಿದರು. ಅದನ್ನು ಸೋಡಿಯಂ ಲೋಹದ ನೆರವಿನಿಂದ ರಬ್ಬರಾಗಿಸಿದರು. 1932ರಲ್ಲಿ ಯಾರೊಸ್ಲಾವ್ಲ್ ಮತ್ತು ವೊರೊನೆಝ್ ಕಾರ್ಖಾನೆಗಳು ಕೆಲಸ ಶುರುಮಾಡಿದವು. ಅಷ್ಟು ದೊಡ್ಡ ಪ್ರಮಾಣದಲ್ಲಿ ಜಗತ್ತಿನ ಬೇರೆಲ್ಲೂ ಆಗ ಇಂಥ ಕಾರ್ಖಾನೆ ಇರಲಿಲ್ಲ. ಮದ್ಯಸಾರ ಬರುತ್ತಿದ್ದದ್ದು ಆಲೂಗಡ್ಡೆಯಿಂದ ಮತ್ತು ಧಾನ್ಯದಿಂದ. 1932-33 ಉಕ್ರೇನಿನಲ್ಲಿ, ಕಝಾಕ್‌ಸ್ತಾನದಲ್ಲಿ, ವೋಲ್ಗಾ ತೀರದಲ್ಲಿ ಲಕ್ಷಾಂತರ ರೈತರು ಹಸಿವಿನಿಂದ ಸತ್ತ ವರ್ಷಗಳೂ ಹೌದು. ಆ ಕ್ಷಾಮಕ್ಕೆ ರಬ್ಬರ್ ಕಾರ್ಖಾನೆಗಳು ಕಾರಣವೆಂದು ಹೇಳಿದರೆ ಅದು ಅತಿರೇಕ. ಬಲವಂತದ ಧಾನ್ಯ ವಸೂಲಿ ಮತ್ತು ಸಾಮೂಹಿಕೀಕರಣದ ಪಾಲು ಅದರಲ್ಲಿ ಹೋಲಿಸಲಾಗದಷ್ಟು ದೊಡ್ಡದು. ಆದರೆ ರೈತನ ಬೆಳೆಯನ್ನು ಕೈಗಾರಿಕೆಯ ಕಚ್ಚಾಮಾಲು ಎಂದು ಮಾತ್ರ ನೋಡಿದ ಆಡಳಿತ ಎರಡೂ ಕಡೆ ಒಂದೇ ಆಗಿತ್ತು. ಲೆಬೆದೇವ್ 1934ರಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡರು.

ಜರ್ಮನಿಗೆ ತೈಲವೂ ಇರಲಿಲ್ಲ, ಹೆಚ್ಚುವರಿ ಧಾನ್ಯವೂ ಇರಲಿಲ್ಲ, ಕಲ್ಲಿದ್ದಲಿತ್ತು. ಐಜಿ ಫಾರ್ಬೆನ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಲ್ಲಿದ್ದಲು ಮತ್ತು ಸುಣ್ಣದಿಂದ ಕಾರ್ಬೈಡ್, ಕಾರ್ಬೈಡಿನಿಂದ ಅಸಿಟಲೀನ್, ಅಲ್ಲಿಂದ ನಾಲ್ಕು ಹಂತ ದಾಟಿ ಬ್ಯುಟಡೈಯೀನ್ ಮಾಡುವ ಸುತ್ತುಬಳಸಿನ ದಾರಿ ಕಂಡುಕೊಂಡರು. ಬ್ಯುಟಡೈಯೀನಿಗೆ ಸ್ಟೈರೀನ್ ಬೆರೆಸಿದ ಬೂನಾ-ಎಸ್ ರಬ್ಬರು 1929ರಲ್ಲಿ ಅವರದೇ ಪ್ರಯೋಗಾಲಯದಲ್ಲಿ ಹುಟ್ಟಿತು. ಅಮೆರಿಕದ ಜಿಆರ್-ಎಸ್ ಅದರ ತಮ್ಮನೇ. ಶ್ಕೋಪೌ, ಹ್ಯೂಲ್ಸ್, ಲುಡ್ವಿಗ್‌ಸ್‌ಹಾಫೆನ್ ಆದಮೇಲೆ ನಾಲ್ಕನೇ ಬೂನಾ ಕಾರ್ಖಾನೆಗೆ 1941ರಲ್ಲಿ ಜಾಗ ಆರಿಸಿದವರು ಕಂಪನಿಯ ಬೂನಾ ತಜ್ಞ ಒಟ್ಟೊ ಆಂಬ್ರೋಸ್. ಕಲ್ಲಿದ್ದಲು, ಸುಣ್ಣ, ನೀರು, ರೈಲು ಎಲ್ಲವೂ ಹತ್ತಿರವಿದ್ದ ಆ ಜಾಗ ಆಷ್‌ವಿಟ್ಸ್. ಪಕ್ಕದ ಮೊನೊವಿಟ್ಸ್‌ನಲ್ಲಿ ಕಂಪನಿಗಾಗಿಯೇ ಒಂದು ಶಿಬಿರ ಎದ್ದಿತು. ಕೈದಿಯೊಬ್ಬನ ದಿನದ ದುಡಿಮೆಗೆ ಕಂಪನಿ ಶಿಬಿರ ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ಗೆ ಕೊಡುತ್ತಿದ್ದದ್ದು ಕುಶಲಕರ್ಮಿಯಾದರೆ ನಾಲ್ಕು ಮಾರ್ಕ್, ಅಲ್ಲದಿದ್ದರೆ ಮೂರು. ಕೈದಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಇಟಲಿಯ ರಸಾಯನಶಾಸ್ತ್ರಜ್ಞ, ಮುಂದೆ ದೊಡ್ಡ ಲೇಖಕರಾದ ಪ್ರೀಮೊ ಲೆವಿ ಅಲ್ಲಿನ ಕೈದಿಗಳಲ್ಲಿ ಒಬ್ಬರು. ಸಾವಿರ ಸಾವಿರ ಜನ ಆ ಕಾರ್ಖಾನೆ ಕಟ್ಟುವ ಕೆಲಸದಲ್ಲೇ ಸತ್ತರು, ದುಡಿಯಲಾಗದವರು ಬಿರ್ಕನೌ ಅನಿಲಕೋಣೆಗೆ ಹೋದರು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಬರುವವರೆಗೂ ಅಲ್ಲಿ ಬೂನಾ ರಬ್ಬರ್ ಒಂದು ಕಿಲೋ ಕೂಡ ತಯಾರಾಗಿರಲಿಲ್ಲ. ನ್ಯೂರೆಂಬರ್ಗ್ ನ್ಯಾಯಾಲಯ ಆಂಬ್ರೋಸ್‌ಗೆ 1948ರಲ್ಲಿ ಎಂಟು ವರ್ಷ ಶಿಕ್ಷೆ ವಿಧಿಸಿತು. 1951ರಲ್ಲಿ ಅವರು ಹೊರಗಿದ್ದರು. ಏಳು ವರ್ಷ ಶಿಕ್ಷೆಯಾಗಿದ್ದ ಸಹೋದ್ಯೋಗಿ ಫ್ರಿಟ್ಸ್ ಟೆರ್ ಮೇರ್ 1956ರಲ್ಲಿ ಬೇಯರ್ ಕಂಪನಿಯ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾದರು. ಇಪ್ಪತ್ತನೇ ಶತಮಾನದ ಕೈಗಾರಿಕಾ ಇತಿಹಾಸದಲ್ಲಿ ಇದಕ್ಕಿಂತ ನಾಚಿಕೆಗೇಡಿನ ಪುಟ ನನಗೆ ಕಾಣುತ್ತಿಲ್ಲ.

ಈಗ ಅಮೆರಿಕಕ್ಕೆ ಬರೋಣ. ಒಂದು ಶೆರ್ಮನ್ ಟ್ಯಾಂಕಿಗೆ ಅರ್ಧ ಟನ್ ರಬ್ಬರ್ ಬೇಕು; ಯುದ್ಧನೌಕೆ, ವಿಮಾನ, ಟ್ರಕ್ಕುಗಳದ್ದು ಬೇರೆ. ಜಗತ್ತಿನ ರಬ್ಬರಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಬಳಸುತ್ತಿದ್ದ ದೇಶದ ಗೋದಾಮಿನಲ್ಲಿದ್ದದ್ದು ಹತ್ತು ಲಕ್ಷ ಟನ್ ಆಸುಪಾಸು. 1942ರ ಜೂನಿನಲ್ಲಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಜನರಿಗೆ ಮನವಿ ಮಾಡಿದರು: ಹಳೇ ಟೈರು, ರೇನ್‌ಕೋಟು, ತೋಟಕ್ಕೆ ನೀರು ಹಾಯಿಸುವ ಕೊಳವೆ, ಏನಿದ್ದರೂ ಪೆಟ್ರೋಲ್ ಬಂಕಿಗೆ ತಂದುಕೊಡಿ, ಪೌಂಡಿಗೆ ಒಂದು ಪೆನ್ನಿ. ಸುಮಾರು ನಾಲ್ಕೂವರೆ ಲಕ್ಷ ಟನ್ ಗುಜರಿ ರಬ್ಬರ್ ಕೂಡಿತು. ಆದರೆ ಸವೆದ ರಬ್ಬರಿನಿಂದ ಒಳ್ಳೆಯ ಟೈರು ಆಗುವುದಿಲ್ಲ. ಕೃತಕ ರಬ್ಬರೊಂದೇ ದಾರಿ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಜಗಳವಿದ್ದದ್ದು ಬ್ಯುಟಡೈಯೀನ್ ಎಲ್ಲಿಂದ ಎಂಬ ಬಗ್ಗೆ. ತೈಲ ಶುದ್ಧೀಕರಣದಲ್ಲಿ ಸಿಗುವ ಬ್ಯುಟಲೀನ್ ಅನಿಲದಿಂದ ಹೈಡ್ರೋಜನ್ ಕಳಚಿದರೆ ಬ್ಯುಟಡೈಯೀನ್ ಆಗುತ್ತದೆ, ಅಗ್ಗವೂ ಹೌದು ಎಂಬುದು ತೈಲ ಕಂಪನಿಗಳ ವಾದ. ಆದರೆ 1942ರ ಮಾರ್ಚಿನಲ್ಲಿ ಅದೇ ತೈಲ ಕಂಪನಿಗಳಲ್ಲಿ ದೊಡ್ಡದಾದ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್, ಐಜಿ ಫಾರ್ಬೆನ್ ಜೊತೆ 1929ರಿಂದ ಮಾಡಿಕೊಂಡು ಬಂದಿದ್ದ ಒಪ್ಪಂದಗಳಿಗಾಗಿ ಸೆನೆಟ್ ಸಮಿತಿಯೆದುರು ಉತ್ತರ ಹೇಳಬೇಕಾಯಿತು. ತನ್ನ ಬ್ಯುಟೈಲ್ ರಬ್ಬರಿನ ಗುಟ್ಟನ್ನು ಅದು ಜರ್ಮನರಿಗೆ ಕೊಟ್ಟಿತ್ತು; ಬೂನಾದ ಗುಟ್ಟನ್ನು ನಾಜಿ ಸರ್ಕಾರ ಹೊರಬಿಡಲಿಲ್ಲ.

ಇದೇ ಹೊತ್ತಿಗೆ ಮೆಕ್ಕೆಜೋಳದ ಸೀಮೆಯಾದ ಅಯೋವಾದ ಸೆನೆಟರ್ ಗೈ ಜಿಲೆಟ್ ವಿಚಾರಣೆಗಳನ್ನು ಶುರುಮಾಡಿದರು. ರಷ್ಯನ್ನರು ಹತ್ತು ವರ್ಷದಿಂದ ಮದ್ಯಸಾರದಿಂದ ಟೈರು ಮಾಡುತ್ತಿರುವಾಗ, ನಮ್ಮ ರೈತರ ಕಣಜಗಳು ತುಂಬಿ ತುಳುಕುತ್ತಿರುವಾಗ ಎಲ್ಲವನ್ನೂ ತೈಲದವರಿಗೆ ಏಕೆ ಒಪ್ಪಿಸಬೇಕು ಎಂಬುದು ಅವರ ಪ್ರಶ್ನೆ. ಧಾನ್ಯದ ರಬ್ಬರಿಗೆ ಪ್ರತ್ಯೇಕ ಸಂಸ್ಥೆ ಕಟ್ಟುವ ಮಸೂದೆ ಕಾಂಗ್ರೆಸ್ಸಿನಲ್ಲಿ ಪಾಸಾಯಿತು. ಆಗಸ್ಟ್ 6ರಂದು ರೂಸ್‌ವೆಲ್ಟ್ ಅದನ್ನು ತಡೆಹಿಡಿದು, ಬರ್ನಾರ್ಡ್ ಬರೂಕ್ ನೇತೃತ್ವದಲ್ಲಿ ಹಾರ್ವರ್ಡಿನ ಜೇಮ್ಸ್ ಕೊನಾಂಟ್ ಮತ್ತು ಎಂಐಟಿಯ ಕಾರ್ಲ್ ಕಾಂಪ್ಟನ್ ಇದ್ದ ಮೂವರ ಸಮಿತಿ ನೇಮಿಸಿದರು. ಸೆಪ್ಟೆಂಬರ್ 10ರಂದು ಬಂದ ವರದಿ ಎರಡು ಪಕ್ಷಗಳನ್ನೂ ಪೂರ್ತಿ ಒಪ್ಪಲಿಲ್ಲ: ನಡೆಯುತ್ತಿರುವ ಯೋಜನೆ ಮುಂದುವರಿಯಲಿ, ಮದ್ಯಸಾರದ ಭಾಗ ಹೆಚ್ಚಲಿ, ಎಲ್ಲದಕ್ಕೂ ಒಬ್ಬನೇ ಅಧಿಕಾರಿ ಇರಲಿ, ದೇಶದಲ್ಲೆಲ್ಲ ವಾಹನಗಳ ವೇಗ ಗಂಟೆಗೆ 35 ಮೈಲಿ ಮೀರದಿರಲಿ, ಪೆಟ್ರೋಲಿಗೆ ಪಡಿತರ ಬರಲಿ. ಪೆಟ್ರೋಲ್ ಸಾಕಷ್ಟಿದ್ದ ಪ್ರದೇಶಗಳಲ್ಲೂ ಟೈರು ಉಳಿಸಲೆಂದೇ ಪೆಟ್ರೋಲಿಗೆ ಪಡಿತರ ಬಂತು. ಜಿಲೆಟ್ ಮಾತಿನಲ್ಲಿ ತಮ್ಮ ರಾಜ್ಯದ ರೈತರ ಹಿತ ಇತ್ತೆಂಬುದು ಸ್ಪಷ್ಟ. ಹಾಗೆಂದು ಅವರ ವಾದ ಸುಳ್ಳಾಗುವುದಿಲ್ಲ. ಎದುರು ಪಕ್ಷದವರಿಗೂ ಅವರದೇ ಹಿತ ಇತ್ತು.

ಮದ್ಯಸಾರದಿಂದ ಬ್ಯುಟಡೈಯೀನ್ ಮಾಡುವ ಮೂರು ದೊಡ್ಡ ಕಾರ್ಖಾನೆಗಳು ಸರ್ಕಾರದ ಹಣದಲ್ಲಿ ಎದ್ದವು: ವೆಸ್ಟ್ ವರ್ಜೀನಿಯದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ, ಪೆನ್ಸಿಲ್ವೇನಿಯದಲ್ಲಿ ಓಹಾಯೋ ನದಿಯ ದಂಡೆಯ ಕೊಬುಟದಲ್ಲಿ. ಅಲ್ಲಿ ಬಳಸಿದ್ದು ಲೆಬೆದೇವ್ ವಿಧಾನವನ್ನಲ್ಲ. ರಷ್ಯದವರೇ ಆದ, 1922ರಲ್ಲಿ ಅಮೆರಿಕಕ್ಕೆ ವಲಸೆ ಬಂದು 1939ರಲ್ಲಿ ತೀರಿಕೊಂಡಿದ್ದ ಇವಾನ್ ಒಸ್ತ್ರೊಮಿಸ್ಲೆನ್ಸ್ಕಿ ತೋರಿಸಿದ ಎರಡು ಹಂತದ ದಾರಿ. ಮೊದಲು ಮದ್ಯಸಾರದ ಒಂದು ಭಾಗವನ್ನು ಅಸಿಟಾಲ್ಡಿಹೈಡ್ ಮಾಡಿ, ಅದನ್ನು ಮತ್ತೆ ಮದ್ಯಸಾರದ ಜೊತೆ ಟ್ಯಾಂಟಲಮ್ ಆಕ್ಸೈಡ್ ಲೇಪಿಸಿದ ಸಿಲಿಕಾ ಮೇಲೆ ಹಾಯಿಸುವುದು. ಕೆಂಟಕಿಯ ವಿಸ್ಕಿ ಭಟ್ಟಿಗಳು 1942ರ ಅಕ್ಟೋಬರಿನಿಂದ ಕುಡಿಯುವ ಮದ್ಯ ನಿಲ್ಲಿಸಿ ಕೈಗಾರಿಕೆಯ ಸ್ಪಿರಿಟ್ ಇಳಿಸತೊಡಗಿದ್ದವು. 1943ರ ಆರಂಭದಲ್ಲೇ ಇನ್‌ಸ್ಟಿಟ್ಯೂಟ್ ಕಾರ್ಖಾನೆ ಬ್ಯುಟಡೈಯೀನ್ ಕೊಟ್ಟಿತು. ಟೆಕ್ಸಾಸಿನ ಪೋರ್ಟ್ ನೆಚಸ್‌ನಂಥ ದೊಡ್ಡ ಪೆಟ್ರೋಲಿಯಂ ಘಟಕಗಳು ಪೂರ್ಣ ಪ್ರಮಾಣಕ್ಕೆ ಬರುವಷ್ಟರಲ್ಲಿ 1944 ಬಂದಿತ್ತು, ಏಕೆಂದರೆ ಅವಕ್ಕೆ ಬೇಕಾದ ಕಂಪ್ರೆಸರುಗಳು, ಕವಾಟಗಳು ಮಾತ್ರವಲ್ಲ, ಬ್ಯುಟಲೀನ್ ಅನಿಲವೇ 100 ಆಕ್ಟೇನ್ ವಿಮಾನ ಇಂಧನದ ಕಡೆಗೂ ಹೋಗಬೇಕಿತ್ತು. ಮೂರೂ ಮದ್ಯಸಾರ ಕಾರ್ಖಾನೆಗಳ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 2,20,000 ಟನ್. 1944ರಲ್ಲಿ ಅವು ಕೊಟ್ಟದ್ದು ಅದರ ಒಂದೂವರೆ ಪಟ್ಟಿಗೂ ಹೆಚ್ಚು. ಆ ವರ್ಷ ದೇಶದ ಬ್ಯುಟಡೈಯೀನಿನಲ್ಲಿ ಐದರಲ್ಲಿ ಮೂರು ಪಾಲಿಗೂ ಮಿಗಿಲಾಗಿ ಮದ್ಯಸಾರದ್ದೇ. ನಾರ್ಮಂಡಿಯ ದಡಕ್ಕೆ ಇಳಿದ ಟ್ರಕ್ಕುಗಳ ಟೈರಿನಲ್ಲಿ ಮಧ್ಯಪಶ್ಚಿಮದ ಹೊಲಗಳ ಪಾಲು ಎಷ್ಟೆಂದು ಇದರಿಂದಲೇ ಊಹಿಸಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ ಖರ್ಚಿನದು. ಮದ್ಯಸಾರದ ಬ್ಯುಟಡೈಯೀನ್ ಪೆಟ್ರೋಲಿಯಮ್ಮಿನದಕ್ಕಿಂತ ಹಲವು ಪಟ್ಟು ದುಬಾರಿಯಾಗಿತ್ತು, ಅದೊಂದು ತಾತ್ಕಾಲಿಕ ಏರ್ಪಾಡು, ತೈಲ ಗೆದ್ದೇ ಗೆಲ್ಲುವಂಥದ್ದಾಗಿತ್ತು ಎಂದು ತೈಲ ಉದ್ಯಮದ ಇತಿಹಾಸಕಾರರು ಹೇಳುತ್ತಾರೆ. ಈ ವಾದದಲ್ಲಿ ಸತ್ಯವಿದೆ. ರಸಾಯನಶಾಸ್ತ್ರವೇ ಅದರ ಪರ ನಿಲ್ಲುತ್ತದೆ: ಮದ್ಯಸಾರದ ಎರಡು ಅಣು ಸೇರಿ ಒಂದು ಬ್ಯುಟಡೈಯೀನ್ ಆಗುವಾಗ ಉಳಿದದ್ದು ನೀರು ಮತ್ತು ಹೈಡ್ರೋಜನ್ ಆಗಿ ಹೊರಬೀಳುತ್ತದೆ, ಹೀಗಾಗಿ ಏನೂ ಪೋಲಾಗದಿದ್ದರೂ ನೂರು ಟನ್ ಮದ್ಯಸಾರಕ್ಕೆ 59 ಟನ್ನಿಗಿಂತ ಹೆಚ್ಚು ಸಿಗದು. ಯುದ್ಧ ಮುಗಿದೊಡನೆ ಮದ್ಯಸಾರ ಕಾರ್ಖಾನೆಗಳನ್ನು ನಿಲ್ಲಿಸಿದ್ದು ವ್ಯವಹಾರದ ದೃಷ್ಟಿಯಿಂದ ತಪ್ಪೂ ಅಲ್ಲ. ಆದರೆ ಕೊರಿಯಾ ಯುದ್ಧ ಶುರುವಾದಾಗ ಅವನ್ನೇ ಮತ್ತೆ ತೆರೆಯಬೇಕಾಯಿತು. ಅಗ್ಗವೆಂಬುದು ಶಾಂತಿಕಾಲದ ಅಳತೆ. ಸೈನ್ಯಕ್ಕೆ ಈ ವರ್ಷ ಟೈರು ಬೇಕಾದಾಗ ಬರುವ ವರ್ಷ ಅಗ್ಗವಾಗಿ ಸಿಗುತ್ತದೆ ಎಂಬ ಭರವಸೆ ಉಪಯೋಗಕ್ಕೆ ಬರುವುದಿಲ್ಲ. ಮೇಲಾಗಿ ತೈಲದ ಅಗ್ಗದ ಹಿಂದೆಯೂ ಸರ್ಕಾರದ ಕೈ ಬಲವಾಗಿತ್ತು. ಒಟ್ಟು 51 ಕಾರ್ಖಾನೆಗಳು ಸುಮಾರು 70 ಕೋಟಿ ಡಾಲರ್ ಸಾರ್ವಜನಿಕ ಹಣದಲ್ಲಿ ಎದ್ದವು, ಪೇಟೆಂಟುಗಳನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಸರ್ಕಾರವೇ ಕಂಪನಿಗಳನ್ನು ಕೂರಿಸಿತು, ಕಡೆಗೆ 1955ರಲ್ಲಿ ಚಾಲ್ತಿಯಲ್ಲಿದ್ದ ಘಟಕಗಳನ್ನು ಖಾಸಗಿ ಕಂಪನಿಗಳಿಗೆ ಮಾರಿತು. ಮಾರುಕಟ್ಟೆ ತಾನಾಗಿ ಆರಿಸಿಕೊಂಡ ದಾರಿ ಇದು ಎಂದು ಹೇಳುವವರು ಈ ಹದಿನೈದು ವರ್ಷಗಳನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ.

ಎರಡನೇ ಆಕ್ಷೇಪ ಇನ್ನೂ ಗಂಭೀರವಾದದ್ದು: ಜಗತ್ತು ಹಸಿದಿದ್ದಾಗ ಧಾನ್ಯವನ್ನು ಟೈರಿಗೆ ಸುರಿಯುವುದು ಸರಿಯೇ? 1942ರ ಮಧ್ಯದಲ್ಲಿ ಅಮೆರಿಕದ ಕಣಜಗಳಲ್ಲಿ ಹಿಂದಿನ ಬೆಳೆಯಿಂದ ಉಳಿದ ಗೋಧಿಯೇ 60 ಕೋಟಿ ಬುಷೆಲ್ ಮೀರಿತ್ತು. ಅಲ್ಲಿ ಯಾರ ತಟ್ಟೆಯಿಂದಲೂ ಅನ್ನ ಕಿತ್ತುಕೊಂಡು ರಬ್ಬರ್ ಮಾಡಲಿಲ್ಲ. ಆದರೆ ಭಾರತದಲ್ಲಿ ಕುಳಿತು ಈ ಇತಿಹಾಸ ಓದುವವರಿಗೆ ಇನ್ನೊಂದು ವಿಷಯ ಕಣ್ಣಿಗೆ ಕಟ್ಟುತ್ತದೆ. ಅಮೆರಿಕದ ಆಕ್ರನ್ ನಗರದ ಟೈರ್ ಕಾರ್ಖಾನೆಗಳಿಗೆ ಮಲಯದ ರಬ್ಬರ್ ತಪ್ಪಿಸಿದ ಜಪಾನೀ ಮುನ್ನಡೆಯೇ 1942ರಲ್ಲಿ ಬಂಗಾಳಕ್ಕೆ ಬರ್ಮಾದ ಅಕ್ಕಿಯನ್ನೂ ತಪ್ಪಿಸಿತು. ಒಂದು ಕೊರತೆಗೆ ಜಗತ್ತಿನ ಅತ್ಯಂತ ಶ್ರೀಮಂತ ಸರ್ಕಾರ ತನ್ನ ವಿಜ್ಞಾನಿಗಳನ್ನೂ ಖಜಾನೆಯನ್ನೂ ಒಡ್ಡಿ ಎರಡೇ ವರ್ಷಗಳಲ್ಲಿ ಉತ್ತರ ಕಂಡುಕೊಂಡಿತು. ಇನ್ನೊಂದು ಕೊರತೆ ಬಂದಾಗ ವಸಾಹತು ಸರ್ಕಾರ ಬಂಗಾಳದ ಕರಾವಳಿಯ ದೋಣಿಗಳನ್ನು, ಅಕ್ಕಿಯನ್ನು ಶತ್ರುವಿಗೆ ಸಿಗಬಾರದೆಂದು ವಶಪಡಿಸಿಕೊಂಡಿತು. ಬೆಲೆಗಳು ಏರುತ್ತ ಹೋದವು. ಲಂಡನ್ನಿನ ಯುದ್ಧ ಸಂಪುಟ ಧಾನ್ಯ ತರಲು ಬೇಕಾದಷ್ಟು ಹಡಗು ಕೊಡಲಿಲ್ಲ. ಸುಮಾರು 30 ಲಕ್ಷ ಜನ ಸತ್ತರು. ಕೊಬುಟದಲ್ಲಿ ಬಳಸಿದ ಧಾನ್ಯ ಉಳಿದಿದ್ದರೆ ಅದು ಕಲ್ಕತ್ತೆ ತಲುಪುತ್ತಿತ್ತೆಂದು ನಾನು ವಾದಿಸುತ್ತಿಲ್ಲ. ಕೊರತೆಯಿದ್ದದ್ದು ಹಡಗಿನದು, ಅದಕ್ಕಿಂತ ಹೆಚ್ಚಾಗಿ ಇಚ್ಛೆಯದು. ಆದರೆ ಯುದ್ಧಕಾಲದಲ್ಲಿ ಅಸಾಧ್ಯವೆಂಬುದು ಎಷ್ಟು ಬೇಗ ಸಾಧ್ಯವಾಗುತ್ತಿತ್ತು ಎಂಬುದನ್ನು ರಬ್ಬರ್ ಯೋಜನೆ ತೋರಿಸಿಕೊಟ್ಟಿರುವಾಗ, ಬಂಗಾಳದ ವಿಷಯದಲ್ಲಿ ಏನೂ ಮಾಡಲಾಗುತ್ತಿರಲಿಲ್ಲ ಎಂಬ ಸಮರ್ಥನೆಯನ್ನು ಒಪ್ಪಲು ನನಗೆ ಕಾರಣ ಕಾಣುವುದಿಲ್ಲ.

ಕಾರ್ಖಾನೆಯೊಳಗೆ ಬೆಲೆ ತೆತ್ತವರ ಲೆಕ್ಕ ಸಿಗಲು ಅರ್ಧ ಶತಮಾನವೇ ಬೇಕಾಯಿತು. ಬ್ಯುಟಡೈಯೀನಿನ ಘಾಟು ಕಣ್ಣು ಉರಿಸುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ ಎಂಬಷ್ಟನ್ನೇ ಆಗ ಅಪಾಯವೆಂದು ಎಣಿಸುತ್ತಿದ್ದರು. ದಶಕಗಳ ಕಾಲ ಅಮೆರಿಕದ ಕಾನೂನು ಕಾರ್ಖಾನೆಯ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸಾವಿರ ಭಾಗದವರೆಗೆ ಅದನ್ನು ಬಿಟ್ಟುಕೊಟ್ಟಿತ್ತು. ಇಲಿಗಳಲ್ಲಿ ಗೆಡ್ಡೆಗಳು ಕಂಡವು, ರಬ್ಬರ್ ಕಾರ್ಖಾನೆಗಳ ಕಾರ್ಮಿಕರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿರುವುದು ಬೆಳಕಿಗೆ ಬಂತು. 1996ರಲ್ಲಿ ಆ ಮಿತಿಯನ್ನು ಸಾವಿರದಿಂದ ಒಂದಕ್ಕೆ ಇಳಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಇನ್‌ಸ್ಟಿಟ್ಯೂಟ್ ಕಾರ್ಖಾನೆ ಯುದ್ಧದ ನಂತರ ಯೂನಿಯನ್ ಕಾರ್ಬೈಡ್ ಕಂಪನಿಯದ್ದಾಯಿತು. ಭೋಪಾಲದಲ್ಲಿ ಸೋರಿದ ಮಿಥೈಲ್ ಐಸೊಸೈಯನೇಟ್ ಅನ್ನು ಅದೇ ಕಂಪನಿ ಅಮೆರಿಕದಲ್ಲಿ ತಯಾರಿಸುತ್ತಿದ್ದದ್ದು ಅಲ್ಲೇ.

ಮದ್ಯಸಾರದ ದಾರಿ ಯುದ್ಧದ ಜೊತೆ ಮುಗಿಯಲಿಲ್ಲ ಎಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. ಸ್ವಾತಂತ್ರ್ಯದ ನಂತರ ಭಾರತದಲ್ಲಿ ನಾಫ್ತಾ ಒಡೆಯುವ ಘಟಕಗಳಿರಲಿಲ್ಲ, ಸಕ್ಕರೆ ಕಾರ್ಖಾನೆಗಳಿದ್ದವು. ಅವುಗಳ ಕಾಕಂಬಿ ಚೆಲ್ಲಲು ಜಾಗವಿಲ್ಲದಷ್ಟಿತ್ತು. 1963ರಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಸಿಂಥೆಟಿಕ್ಸ್ ಅಂಡ್ ಕೆಮಿಕಲ್ಸ್ ಕಂಪನಿ ಕಾಕಂಬಿಯ ಮದ್ಯಸಾರದಿಂದ ಬ್ಯುಟಡೈಯೀನ್ ತೆಗೆದು ದೇಶದ ಮೊದಲ ಕೃತಕ ರಬ್ಬರ್ ತಯಾರಿಸಿತು. ಅಮೆರಿಕ ಕೈಬಿಟ್ಟ ವಿಧಾನ ಇಲ್ಲಿ ದಶಕಗಳ ಕಾಲ ನಡೆಯಿತೆಂದರೆ ಅದು ಹಿಂದುಳಿದ ತಂತ್ರ ಎಂಬ ಮಾತು ಅರ್ಧಸತ್ಯ. ಅದರ ಕುತ್ತಿಗೆ ಹಿಡಿದದ್ದು ಮದ್ಯಸಾರದ ಹಂಚಿಕೆ ಮತ್ತು ತೆರಿಗೆ. ಕುಡಿಯಲಾಗದ ಕೈಗಾರಿಕಾ ಮದ್ಯಸಾರಕ್ಕೆ ರಾಜ್ಯ ಸರ್ಕಾರ ಶುಲ್ಕ ಹಾಕಬಹುದೇ ಎಂಬ ಈ ಕಂಪನಿಯ ಮೊಕದ್ದಮೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 1989ರಲ್ಲಿ ಕಂಪನಿ ಗೆದ್ದಿತು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಕೈಗಾರಿಕಾ ಮದ್ಯಸಾರವೂ ರಾಜ್ಯಗಳ ಅಧಿಕಾರದೊಳಗೆ ಬರುತ್ತದೆ ಎಂದಿತು. ಎಂಟು ಮಂದಿಯ ಬಹುಮತಕ್ಕೆ ಎದುರಾಗಿ ಬೇರೆ ತೀರ್ಪು ಬರೆದವರು ಒಬ್ಬರೇ, ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆ ಹೊತ್ತಿಗೆ ಬರೇಲಿಯ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ಇಂದು ಪಾಣಿಪತ್, ಹಲ್ದಿಯಾಗಳಲ್ಲಿ ಸಿಗುವ ಬ್ಯುಟಡೈಯೀನ್ ನಾಫ್ತಾದ್ದು, ಆ ನಾಫ್ತಾದ ಮೂಲತೈಲ ಬಹುಪಾಲು ಹೊರದೇಶದ್ದು. ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಎಥನಾಲ್ ಪೆಟ್ರೋಲಿನಲ್ಲಿ ಬೆರೆತು ಉರಿದುಹೋಗುತ್ತಿದೆ. ಕಬ್ಬು ಮತ್ತು ಮೆಕ್ಕೆಜೋಳವನ್ನು ಇಂಧನಕ್ಕೆ ಎಷ್ಟು ಕೊಡಬೇಕು, ಊಟಕ್ಕೆಷ್ಟು, ಕೈಗಾರಿಕೆಗೆಷ್ಟು ಎಂಬ ಚರ್ಚೆ ಈಗ ನಮ್ಮಲ್ಲೂ ಎದ್ದಿದೆ. ಅದನ್ನು ತೈಲ ಕಂಪನಿಗಳ ದರಪಟ್ಟಿಗೂ ದೆಹಲಿಯ ಹಂಚಿಕೆ ಆದೇಶಗಳಿಗೂ ಬಿಟ್ಟು ಸುಮ್ಮನಾಗಬಾರದು; ಬೆಳೆಯುವ ರೈತರೂ ಕೊಳ್ಳುವ ಗ್ರಾಹಕರೂ ಆ ಲೆಕ್ಕವನ್ನು ಕೇಳಿ ಪಡೆಯಬೇಕು.